ಮದ್ದಿನ ಮನೆಯ ಕಾವು

ಪೂರ್ವಕಾಲದವರು ಮದ್ದಿನ ಮನೆಯನ್ನು ಕಟ್ಟಿಸುವಾಗ ಅಂಜುತ್ತಿದ್ದುದು ಕಿಡಿಗೂ ತೇವಕ್ಕೂ ಮಾತ್ರ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವಾದ ಕರಿಮದ್ದು ಬೇಸಗೆಯ ಸೆಕೆಗೆ ತಾನಾಗಿ ಕೆಡತಕ್ಕುದಲ್ಲ. ನೀರಿನ ಪಸೆ ತಗುಲಿದರೆ ನಿರ್ವೀರ್ಯವಾಗುವುದು. ಶ್ರೀರಂಗಪಟ್ಟಣದಲ್ಲಿ ಅರ್ಧ ನೆಲದೊಳಗೆ ಹುದುಗಿರುವ ಟಿಪ್ಪುವಿನ ಕಾಲದ ಮದ್ದಿನ ಮನೆಗಳ ದಪ್ಪ ಗೋಡೆಗಳನ್ನು ಕಂಡವರಿಗೆ ಈ ಎಚ್ಚರಿಕೆಯು ವಿದಿತವೇ ಆಗಿದೆ.

1884ರಲ್ಲಿ ಫ್ರಾನ್ಸಿನ ರಸಾಯನಜ್ಞನಾದ ಪಾಲ್ ವಿಯೇಯ್ ಎಂಬಾತನು ಆಮ್ಲಗಳಿಂದ ಸಂಸ್ಕರಿಸಿದ ಹತ್ತಿಯಿಂದ ಹೊಗೆಯಿಲ್ಲದ ಮದ್ದೊಂದನ್ನು ಸಿದ್ಧಪಡಿಸಿದನು. ಬಲದಲ್ಲಿ ಕರಿಮದ್ದನ್ನು ಬಹಳ ಮೀರಿದ ಈ ‘ಬಿ ಮದ್ದಿ’ನ ಸ್ವಭಾವವೇ ಬೇರೆ. ಇದು ಕಿಡಿಯಿಲ್ಲದೆಯೂ ಮೆಲ್ಲನೆ ಕ್ಷಯಿಸುತ್ತದೆ. ಆಗ ಹೊರಡುವ ಆಮ್ಲಬಾಷ್ಪವು ಉಳಿದುದನ್ನೂ ಕೆಡಿಸುತ್ತದೆ. ಉಷ್ಣಮಾನವು ಹತ್ತು ಡಿಗ್ರಿ ಸೆಂಟಿಗ್ರೇಡು ಏರಿದರೆ ಕ್ಷಯದ ವೇಗವು ಇಮ್ಮಡಿಗೂ ಮಿಕ್ಕುವುದು. ಒಳಗಿನ ಕಾವು ಹೊರಬೀಳಲು ದಾರಿಯಿಲ್ಲದಿದ್ದರೆ ಮದ್ದು ತನ್ನಿಂದ ತಾನೇ ಹೊತ್ತಿಕೊಳ್ಳುವುದು. ಇಂತಹ ವಸ್ತುವನ್ನು ಉಗಿಯ ಹಂಡೆಗಳು ಕುದಿಯುವ ಯುದ್ಧನೌಕೆಯ ಒಡಲಲ್ಲಿ ತುಂಬಿದರು!

1907ನೆಯ ಮಾರ್ಚ್ 12ರಂದು ಮಧ್ಯಾಹ್ನ, ತುಲೋನ್ ಬಂದರಿನಲ್ಲಿ ದುರಸ್ತಿಗೆಂದು ನೀರಿಲ್ಲದ ಕಟ್ಟೆಯಲ್ಲಿ ನಿಲ್ಲಿಸಿದ್ದ ‘ಇಯೆನಾ’ ನೌಕೆಯ ಹಿಂಭಾಗದ ಮದ್ದಿನ ಕೋಣೆಯು ಸಿಡಿಯಿತು. ಒಂದರ ಹಿಂದೊಂದು ಸ್ಫೋಟಗಳಾದುವು. ಕೋಣೆಗಳಿಗೆ ನೀರು ನುಗ್ಗಿಸಿ ಆರಿಸೋಣವೆಂದರೆ ಸುತ್ತಲೂ ನೀರೇ ಇಲ್ಲ. ಸಮೀಪದ ‘ಪಾತ್ರಿ’ ನೌಕೆಯವರು ಕಟ್ಟೆಯ ಬಾಗಿಲನ್ನು ಒಡೆಯಲೆಂದು ಗುಂಡು ಹಾರಿಸಿದರು, ಬಾಗಿಲು ಜಗ್ಗಲಿಲ್ಲ. ಕಡೆಗೆ ರೂ ಎಂಬ ಕಿರಿಯ ಅಧಿಕಾರಿಯು ನೀರಿನ ತೂಬುಗಳನ್ನು ತೆರೆದನು. ಸಿಡಿದ ಚೂರು ತಗುಲಿ ಆತನೂ ಮಡಿದನು. ಸತ್ತವರು ನೂರಕ್ಕೂ ಮಿಕ್ಕು. ನಡೆದ ವಿಚಾರಣೆಗಳಲ್ಲಿ ಬಿ ಮದ್ದಿನ ಮೇಲೆಯೇ ದೋಷವು ಬಂದರೂ ಒಮ್ಮತವಾಗಲಿಲ್ಲ. ನೌಕಾಮಂತ್ರಿ ತೊಂಸೋನ್ 1908ರಲ್ಲಿ ಅಧಿಕಾರವನ್ನು ಬಿಟ್ಟನು. ಮದ್ದು ಮಾತ್ರ ಹಡಗನ್ನು ಬಿಡಲಿಲ್ಲ.

ಆ ವಿಳಂಬಕ್ಕೆ ತೆತ್ತ ಬೆಲೆ ಘೋರವಾದುದು. 1911ನೆಯ ಸೆಪ್ಟೆಂಬರ್ 25ರಂದು ಬೆಳಗಿನ ಜಾವ ಅದೇ ತುಲೋನಿನಲ್ಲಿ ಲಂಗರು ಹಾಕಿದ್ದ ‘ಲಿಬರ್ತೆ’ ನೌಕೆಯು ಸಿಡಿದು ಚೂರಾಯಿತು. ಹಾರಿದ ಉಕ್ಕಿನ ಹಲಗೆಗಳು ನೆರೆಯ ಹಡಗುಗಳಲ್ಲಿದ್ದವರನ್ನೂ ಕೊಂದುವು. ಒಟ್ಟು ಸುಮಾರು 300 ಮಂದಿ ಅಳಿದರು. ಯುದ್ಧವಿಲ್ಲ, ಶತ್ರುವಿಲ್ಲ.

ಮದ್ದಿನ ಕ್ಷಯವನ್ನು ತಡೆಯಲೆಂದು ಅದುವರೆಗೆ ಬೆರೆಸುತ್ತಿದ್ದ ಅಮಿಲ್ ಆಲ್ಕೋಹಾಲ್ ಕಾಲಕ್ರಮದಲ್ಲಿ ಆವಿಯಾಗಿ ಹೋಗುವಂತಹುದು. ಅದಕ್ಕೆ ಬದಲಾಗಿ, ಕ್ಷಯದ ಬಾಷ್ಪವನ್ನು ಹೀರಿಕೊಳ್ಳುವ ಡೈಫಿನೈಲಮೀನನ್ನು ಫ್ರೆಂಚರು ಬಳಕೆಗೆ ತಂದರು. ಇಂದಿಗೂ ದಾಸ್ತಾನಿನ ಮದ್ದಿನಿಂದ ಚೂರು ತೆಗೆದು, ಈ ದ್ರವ್ಯವು ಎಷ್ಟು ಉಳಿದಿದೆಯೆಂದು ಪರೀಕ್ಷಿಸುವ ಪದ್ಧತಿಯಿದೆ. ತೀರ ಕಡಮೆಯಾಗಿದ್ದರೆ ಆ ಮದ್ದನ್ನು ನಾಶಪಡಿಸುತ್ತಾರೆ.