ಕೋಲಾರ ಸೀಮೆಯಲ್ಲಿ ವಾಹನ ಮತ್ತು ಮನೆ ವಿಮೆಯ ವೆಚ್ಚ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವಾಹನ ವಿಮೆಯ ಕಂತಿಗೆ ಎರಡು ಭಾಗ. ಮೋಟಾರು ವಾಹನ ಕಾಯ್ದೆ, 1988 ಕಡ್ಡಾಯಗೊಳಿಸಿದ ಮೂರನೇ ವ್ಯಕ್ತಿ ವಿಮೆಯ ಮೂಲದರವನ್ನು ಕೇಂದ್ರ ಸರ್ಕಾರ ನಿಗದಿಪಡಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿಯ ಬೈಕಿಗೆ ವರ್ಷಕ್ಕೆ 714 ರೂಪಾಯಿ, 1000 ಸಿಸಿವರೆಗಿನ ಖಾಸಗಿ ಕಾರಿಗೆ 2,094 ರೂಪಾಯಿ, ಜಿಎಸ್‌ಟಿ ಪ್ರತ್ಯೇಕ. ಈ ದರ ಊರಿಂದೂರಿಗೆ ಬದಲಾಗದು.

ವ್ಯತ್ಯಾಸವಿರುವುದು ಸ್ವಂತ ವಾಹನದ ಹಾನಿಯ ಭಾಗದಲ್ಲಿ. ಸಾಂಪ್ರದಾಯಿಕ ದರಪಟ್ಟಿಯಂತೆ ಬೆಂಗಳೂರಿನಲ್ಲಿ ನೋಂದಾಯಿತ ಕಾರು, ಬೈಕು 'ಎ' ವಲಯದವು. ಕೋಲಾರದ ಕೆಎ-07 ನೋಂದಣಿಯವು ಕಡಿಮೆ ದರದ 'ಬಿ' ವಲಯದವು. ಶ್ರೀನಿವಾಸಪುರದ ಮಾವು ಹೊರುವ ಲಾರಿಗಳಂಥ ವಾಣಿಜ್ಯ ವಾಹನಗಳಿಗೆ ಇನ್ನೂ ಅಗ್ಗದ 'ಸಿ' ವಲಯ. ವಾಹನದ ವಯಸ್ಸು, ಘೋಷಿತ ಮೌಲ್ಯಗಳೂ ಲೆಕ್ಕಕ್ಕೆ ಬರುತ್ತವೆ. ಕ್ಲೇಮು ಮಾಡದವರಿಗೆ ಈ ಭಾಗದಲ್ಲಿ ಶೇ. 20ರಿಂದ 50ರವರೆಗೆ ರಿಯಾಯಿತಿ. ಹಳ್ಳಿಗಾಡಿನ ಮಾಲೀಕರು ಇದನ್ನು ಕೇಳಿ ಪಡೆಯಲೇಬೇಕು.

ಮನೆ ವಿಮೆ ಕಡ್ಡಾಯವಲ್ಲ. 2021ರ ಏಪ್ರಿಲ್ 1ರಂದು ಬಂದ 'ಭಾರತ್ ಗೃಹ ರಕ್ಷಾ' ಬೆಂಕಿ, ಸಿಡಿಲು, ಬಿರುಗಾಳಿ, ನೆರೆಗಳಿಗೆ ರಕ್ಷಣೆ ಕೊಡುತ್ತದೆ. ವಿಮಾ ಮೊತ್ತಕ್ಕೆ ಆಧಾರ ಮರುನಿರ್ಮಾಣದ ವೆಚ್ಚ. ಹಾಗಾಗಿ ಮಾಲೂರಿನಲ್ಲಿ ನಿವೇಶನದ ಬೆಲೆ ಎಷ್ಟೇ ಏರಿದರೂ ಅದರಿಂದ ಕಂತು ಏರುವುದಿಲ್ಲ.