ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆ: ವಿಂಡೋಸ್ ಜೊತೆಗೆ ಲಿನಕ್ಸ್

ಒಂದೇ ಗಣಕದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳನ್ನು ಇಟ್ಟುಕೊಂಡು, ಚಾಲೂ ಮಾಡುವಾಗ ಬೇಕಾದ್ದನ್ನು ಆರಿಸಿಕೊಳ್ಳುವ ಏರ್ಪಾಡಿಗೆ ಡ್ಯುಯಲ್ ಬೂಟ್ ಎನ್ನುತ್ತಾರೆ. ಒಂದು ಹೊತ್ತಿಗೆ ಒಂದೇ ವ್ಯವಸ್ಥೆ ಓಡುತ್ತದೆ. ಇನ್ನೊಂದು ಡಿಸ್ಕಿನ ತನ್ನ ಪಾಲಿನಲ್ಲಿ ಸುಮ್ಮನಿರುತ್ತದೆ. ಹೀಗಾಗಿ ಹಳೆಯ ಯಂತ್ರಕ್ಕೆ ಇದರಿಂದ ಭಾರವೇನೂ ಹೆಚ್ಚುವುದಿಲ್ಲ. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಹೋಗುತ್ತದೆ, ಅಷ್ಟೆ.

ಈಗ ಏಕೆ ಬೇಕು?

2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ಮುಗಿದವು. ವಿಂಡೋಸ್ 7ರ ಗಡುವು 2020ರ ಜನವರಿ 14ಕ್ಕೇ ಮುಗಿದಿತ್ತು. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್ ಬೇಕು. 2012ರಲ್ಲೋ 2015ರಲ್ಲೋ ಕೊಂಡ ಲ್ಯಾಪ್‌ಟಾಪ್ ಈ ಲೆಕ್ಕದಿಂದ ಹೊರಗೆ ಉಳಿಯುತ್ತದೆ.

ಹಾಗೆಂದು ವಿಂಡೋಸನ್ನು ಪೂರ್ತಿ ಅಳಿಸಿಬಿಡುವುದೂ ಎಲ್ಲರಿಗೂ ಆಗುವ ಮಾತಲ್ಲ. ನುಡಿ, ಬರಹಗಳಲ್ಲಿ ಬೆರಳಚ್ಚು ಮಾಡಿದ ಹಳೆಯ ಅರ್ಜಿಗಳು, ಸಂಘದ ನಡಾವಳಿ, ಮದುವೆ ಕರೆಯೋಲೆ, ಲೆಕ್ಕಪತ್ರದ ತಂತ್ರಾಂಶ, ವಿಂಡೋಸಿಗೆ ಮಾತ್ರ ಒಗ್ಗುವ ಸ್ಕ್ಯಾನರ್ - ಇವೆಲ್ಲ ಅದರಲ್ಲೇ ಇವೆ. ಆದ್ದರಿಂದ ನಡುದಾರಿ ಇದು: ಅಂತರಜಾಲ, ಬ್ಯಾಂಕ್, ಅಂಚೆ ಎಲ್ಲ ಲಿನಕ್ಸ್‌ನಲ್ಲಿ, ಹಳೆಯ ಕಡತಗಳ ಕೆಲಸ ಅಂತರಜಾಲದ ಸಂಪರ್ಕವಿಲ್ಲದೆ ವಿಂಡೋಸ್‌ನಲ್ಲಿ.

ಲಿನಕ್ಸ್‌ನ ಹೃದಯಭಾಗವನ್ನು ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದರು. ಅದನ್ನು ಆಧರಿಸಿದ ವಿತರಣೆಗಳು ಹತ್ತಾರು ಇವೆ. ಇಲ್ಲಿ ಲಿನಕ್ಸ್ ಮಿಂಟ್ 22ನ್ನು ಉದಾಹರಣೆಯಾಗಿ ಇಟ್ಟುಕೊಂಡಿದೆ. 2024ರಲ್ಲಿ ಬಂದ ಇದಕ್ಕೆ ಹಣ ಕೊಡಬೇಕಿಲ್ಲ. ಭದ್ರತಾ ಅಪ್‌ಡೇಟ್‌ಗಳು 2029ರವರೆಗೆ ಸಿಗುತ್ತವೆ.

ನಿಮ್ಮ ಯಂತ್ರಕ್ಕೆ ಆಗುತ್ತದೆಯೇ?

ಮಿಂಟ್ 22ಕ್ಕೆ 64-ಬಿಟ್ ಪ್ರೊಸೆಸರ್, ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಜಾಗ ಬೇಕು. ನೆಮ್ಮದಿಯಾಗಿ ಕೆಲಸ ಮಾಡಲು 4 ಜಿಬಿ ರ‍್ಯಾಮ್, 40 ಜಿಬಿ ಜಾಗ ಇರಲಿ. ಮಿಂಟ್ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ಸಿಗುತ್ತದೆ. ಮೂರರಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ ಹಳೆಯ ಯಂತ್ರಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ವಿಷಯ ನೋಡಿಟ್ಟುಕೊಳ್ಳಿ. ವಿಂಡೋಸ್ ಹುಡುಕುಪಟ್ಟಿಯಲ್ಲಿ ಸಿಸ್ಟಂ ಇನ್ಫರ್ಮೇಶನ್ ಎಂದು ಹುಡುಕಿ ತೆರೆದರೆ ಬಯೋಸ್ ಮೋಡ್ ಎಂಬ ಸಾಲು ಇರುತ್ತದೆ. ಅದರ ಮುಂದೆ ಲೆಗಸಿ ಎಂದಿದೆಯೋ ಯುಇಎಫ್‌ಐ ಎಂದಿದೆಯೋ ಬರೆದಿಟ್ಟುಕೊಳ್ಳಿ. ಲೆಗಸಿ ಎಂದಿದ್ದರೆ ನಿಮ್ಮ ಡಿಸ್ಕ್ ಸಾಮಾನ್ಯವಾಗಿ ಎಂಬಿಆರ್ ಪದ್ಧತಿಯದು. ಅದರಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ವಿಭಾಗ ಮಾಡಲು ಬರುವುದಿಲ್ಲ. ಕಂಪನಿಯವರು ನಾಲ್ಕನ್ನೂ ಮೊದಲೇ ತುಂಬಿಸಿ ಕೊಟ್ಟಿರುವುದುಂಟು. ಆಗ ಡಿ ಡ್ರೈವ್‌ನ ಕಡತಗಳನ್ನೆಲ್ಲ ಹೊರಗೆ ನಕಲಿಸಿಕೊಂಡು, ಆ ವಿಭಾಗವನ್ನು ಅಳಿಸಿ ಲಿನಕ್ಸಿಗೆ ಬಿಟ್ಟುಕೊಡುವುದು ಸುಲಭ ದಾರಿ.

ಮೊದಲ ಕೆಲಸ: ನಕಲು

ಡಿಸ್ಕ್ ಪಾಲು ಮಾಡುವಾಗ ತಪ್ಪಾದರೆ ತಿದ್ದಿಕೊಳ್ಳುವುದು ಕಷ್ಟ. ಪಹಣಿ, ಅಂಕಪಟ್ಟಿಗಳ ಸ್ಕ್ಯಾನ್ ಪ್ರತಿ, ಮನೆಮಂದಿಯ ಫೋಟೋ, ನುಡಿ ಕಡತಗಳು - ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲಿಸಿ. ನಕಲಿಸಿದರೆ ಸಾಲದು; ಆ ಡಿಸ್ಕನ್ನು ಇನ್ನೊಂದು ಗಣಕಕ್ಕೆ ಜೋಡಿಸಿ ನಾಲ್ಕಾರು ಕಡತ ತೆರೆದು ನೋಡಿ. ತೆರೆದರೆ ಮಾತ್ರ ಅದು ನಕಲು. ಈ ಕೆಲಸ ಮುಗಿಯದೆ ಮುಂದಕ್ಕೆ ಹೋಗಬೇಡಿ.

ವಿಂಡೋಸ್ ಒಳಗೆ ಮೂರು ಸಿದ್ಧತೆ

ಒಂದು: ಜಾಗ ಬಿಡಿಸುವುದು. ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಸಿ ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿ. ಲೆಕ್ಕ ಎಂಬಿಯಲ್ಲಿ ಕೇಳುತ್ತದೆ. 40 ಜಿಬಿಗೆ 40960 ಎಂದು ಕೊಡಿ. ಬಿಡಿಸಿದ ಜಾಗ ಅನ್‌ಅಲೊಕೇಟೆಡ್ ಎಂದು ಕಪ್ಪು ಪಟ್ಟಿಯಲ್ಲಿ ಕಾಣುತ್ತದೆ. ಅದನ್ನು ಹಾಗೆಯೇ ಬಿಡಿ, ಹೊಸ ಡ್ರೈವ್ ಮಾಡಬೇಡಿ. ಡೈನಾಮಿಕ್ ಡಿಸ್ಕ್ ಆಗಿ ಬದಲಿಸಲೇ ಎಂದು ವಿಂಡೋಸ್ ಕೇಳಿದರೆ ಒಪ್ಪಲೇಬೇಡಿ.

ಎರಡು: ಫಾಸ್ಟ್ ಸ್ಟಾರ್ಟಪ್ ಆರಿಸುವುದು. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಎಂದರೂ ಗಣಕ ಅರೆನಿದ್ದೆಯಲ್ಲಿ ಮಲಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಆ ಸ್ಥಿತಿಯಲ್ಲಿ ಲಿನಕ್ಸ್ ವಿಂಡೋಸಿನ ಡ್ರೈವ್‌ನಲ್ಲಿ ಬರೆಯಲು ಹೋದರೆ ಕಡತ ಕೆಡುವ ಭಯ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಶನ್ಸ್, ಅಲ್ಲಿ ಪವರ್ ಗುಂಡಿಗಳ ಕೆಲಸ ಆರಿಸುವ ಪುಟಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್ ಮುಂದಿನ ಗುರುತು ತೆಗೆಯಿರಿ.

ಮೂರು: ಬಿಟ್‌ಲಾಕರ್ ನೋಡುವುದು. ಡ್ರೈವ್‌ಗೆ ಈ ಬೀಗ ಹಾಕಿದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬೂಟ್ ವ್ಯವಸ್ಥೆ ಬದಲಾದಾಗ ವಿಂಡೋಸ್ ಅದನ್ನು ಕೇಳಬಹುದು. ಇಲ್ಲದಿದ್ದರೆ ನಿಮ್ಮ ಮನೆಯ ಬಾಗಿಲು ನಿಮಗೇ ತೆರೆಯದು.

ಪೆನ್ ಡ್ರೈವ್ ತಯಾರಿ

ಮಿಂಟ್‌ನ ಅಧಿಕೃತ ತಾಣದಿಂದ ಸುಮಾರು 3 ಜಿಬಿಯ ಐಎಸ್‌ಒ ಕಡತ ಇಳಿಸಿಕೊಳ್ಳಿ. ನೆಟ್‌ವರ್ಕ್ ಬಂದು ಹೋಗುವ ಊರಿನಲ್ಲಿ ಇಷ್ಟು ದೊಡ್ಡ ಕಡತ ಅರ್ಧಂಬರ್ಧ ಇಳಿಯುವ ಸಂಭವ ಹೆಚ್ಚು. ಕಡತದ ಜೊತೆ ತಾಣದಲ್ಲಿ 64 ಅಕ್ಷರ-ಅಂಕಿಗಳ ಎಸ್‌ಎಚ್‌ಎ256 ಗುರುತು ಕೊಟ್ಟಿರುತ್ತಾರೆ. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಕಡತ ಆರಿಸಿ, ಪಕ್ಕದ ಟಿಕ್ ಗುಂಡಿ ಒತ್ತಿದರೆ ನಿಮ್ಮ ಪ್ರತಿಯ ಗುರುತು ಕಾಣುತ್ತದೆ. ಎರಡೂ ಒಂದೇ ಇದ್ದರೆ ಕಡತ ಸರಿಯಾಗಿದೆ. ಅದೇ ರೂಫಸ್‌ನಿಂದ 8 ಜಿಬಿಯ ಪೆನ್ ಡ್ರೈವ್‌ಗೆ ಬರೆಯಿರಿ. ಪೆನ್ ಡ್ರೈವ್‌ನಲ್ಲಿ ಮೊದಲು ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.

ಹಾಕುವ ಮೊದಲು ಓಡಿಸಿ ನೋಡಿ

ಗಣಕ ಚಾಲೂ ಆಗುವಾಗ ಬೂಟ್ ಮೆನು ಕೀಲಿ ಒತ್ತಿ ಪೆನ್ ಡ್ರೈವ್ ಆರಿಸಬೇಕು. ಡೆಲ್, ಲೆನೊವೊ, ಏಸರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್. ಪೆನ್ ಡ್ರೈವ್ ಹೆಸರು ಎರಡು ಸಲ ಕಂಡರೆ, ಮೊದಲೇ ಬರೆದಿಟ್ಟುಕೊಂಡ ಬಯೋಸ್ ಮೋಡ್‌ಗೆ ಹೊಂದುವುದನ್ನು ಆರಿಸಿ. ವಿಂಡೋಸ್ ಯುಇಎಫ್‌ಐ ಆದರೆ ಲಿನಕ್ಸೂ ಯುಇಎಫ್‌ಐ, ಅದು ಲೆಗಸಿ ಆದರೆ ಇದೂ ಲೆಗಸಿ.

ಈಗ ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವ್‌ನಿಂದಲೇ ಮಿಂಟ್ ಓಡುತ್ತದೆ. ವೈ-ಫೈ, ಧ್ವನಿ, ಟಚ್‌ಪ್ಯಾಡ್, ಕ್ಯಾಮೆರಾ, ಪ್ರಿಂಟರ್ ಎಲ್ಲ ಪರೀಕ್ಷಿಸಿ. ಹಳೆಯ ಕೆಲವು ಬ್ರಾಡ್‌ಕಾಮ್ ವೈ-ಫೈ ಚಿಪ್‌ಗಳಿಗೆ ಬೇರೆ ಡ್ರೈವರ್ ಬೇಕಾಗುತ್ತದೆ. ಮೊಬೈಲನ್ನು ತಂತಿಯಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಅಂತರಜಾಲ ಸಿಗುತ್ತದೆ. ಲಿನಕ್ಸ್ ಹಾಕಿದ ಮೇಲೆ ಡ್ರೈವರ್ ಮ್ಯಾನೇಜರ್ ಮೂಲಕ ಉಳಿದದ್ದು ಸರಿಮಾಡಿಕೊಳ್ಳಬಹುದು.

ಎಚ್ಚರ ಬೇಕಾದ ಒಂದು ಪರದೆ

ಹಳೆಯ ಲ್ಯಾಪ್‌ಟಾಪ್‌ನ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನಿಮಗೆ ಗೊತ್ತು. ಬ್ಯಾಟರಿ ಸತ್ತಿದ್ದರೆ ಇನ್ವರ್ಟರ್ ಇರುವ ಮನೆಯಲ್ಲಿ ಅಥವಾ ಕರೆಂಟ್ ಖಾತ್ರಿ ಇರುವ ಹೊತ್ತಿನಲ್ಲಿ ಈ ಕೆಲಸ ಇಟ್ಟುಕೊಳ್ಳಿ. ನಡುವೆ ಕರೆಂಟ್ ಹೋದರೆ ಎರಡೂ ವ್ಯವಸ್ಥೆಗೆ ಪೆಟ್ಟು.

ಪರದೆಯ ಮೇಲಿನ ಇನ್‌ಸ್ಟಾಲ್ ಚಿತ್ರವನ್ನು ಒತ್ತಿದರೆ ಭಾಷೆ, ಕೀಲಿಮಣೆ ಕೇಳಿದ ಮೇಲೆ ಮುಖ್ಯ ಪರದೆ ಬರುತ್ತದೆ. ಅಲ್ಲಿನ ಆಯ್ಕೆಗಳ ಅರ್ಥ ಹೀಗೆ:

ಇನ್‌ಸ್ಟಾಲ್ ಅಲಾಂಗ್‌ಸೈಡ್: ವಿಂಡೋಸನ್ನು ಉಳಿಸಿ ಪಕ್ಕದಲ್ಲಿ ಲಿನಕ್ಸ್ ಹಾಕುತ್ತದೆ. ನಮಗೆ ಬೇಕಾದ್ದು ಇದು.

ಇರೇಸ್ ಡಿಸ್ಕ್: ಡಿಸ್ಕ್ ಪೂರ್ತಿ ಅಳಿಸುತ್ತದೆ. ವಿಂಡೋಸ್, ಡಿ ಡ್ರೈವ್, ಫೋಟೋ ಎಲ್ಲ ಹೋಗುತ್ತವೆ. ಇದನ್ನು ಮುಟ್ಟಬೇಡಿ.

ಸಮ್‌ಥಿಂಗ್ ಎಲ್ಸ್: ಯಾವ ವಿಭಾಗ ಯಾವುದಕ್ಕೆ ಎಂದು ನೀವೇ ಹೇಳುವ ದಾರಿ.

ಮೊದಲನೆಯದು ಕಾಣಿಸದಿದ್ದರೆ ಗಾಬರಿಪಟ್ಟು ಎರಡನೆಯದನ್ನು ಒತ್ತಬೇಡಿ. ವಿಂಡೋಸ್ ಅದರ ಕಣ್ಣಿಗೆ ಬಿದ್ದಿಲ್ಲ ಎಂದರ್ಥ. ಪೆನ್ ಡ್ರೈವ್ ತಪ್ಪು ಮೋಡ್‌ನಲ್ಲಿ ಚಾಲೂ ಆಗಿರಬಹುದು. ಹೊರಬಂದು ಮತ್ತೆ ನೋಡಿ. ಆಗಲೂ ಕಾಣದಿದ್ದರೆ ಸಮ್‌ಥಿಂಗ್ ಎಲ್ಸ್‌ಗೆ ಹೋಗಿ. ನೀವು ಬಿಡಿಸಿಟ್ಟ 40 ಜಿಬಿ ಅಲ್ಲಿ ಫ್ರೀ ಸ್ಪೇಸ್ ಎಂದು ಕಾಣುತ್ತದೆ. ಅದನ್ನು ಮಾತ್ರ ಆರಿಸಿ ಕೂಡು ಗುರುತು ಒತ್ತಿ, ಬಗೆಯಲ್ಲಿ ಎಕ್ಸ್ಟ್4 ಎಂದೂ ಮೌಂಟ್ ಪಾಯಿಂಟ್‌ನಲ್ಲಿ ಒಂಟಿ ಓರೆಗೆರೆಯನ್ನೂ ಕೊಡಿ. ಎನ್‌ಟಿಎಫ್‌ಎಸ್ ಎಂದಿರುವ ಸಾಲುಗಳು ವಿಂಡೋಸಿನವು. ಯುಇಎಫ್‌ಐ ಯಂತ್ರದಲ್ಲಿ ಇಎಫ್‌ಐ ಎಂಬ ಸಣ್ಣ ವಿಭಾಗ ಇಬ್ಬರಿಗೂ ಸೇರಿದ್ದು. ಇವುಗಳಲ್ಲಿ ಯಾವುದಕ್ಕೂ ಫಾರ್ಮ್ಯಾಟ್ ಗುರುತು ಹಾಕಬೇಡಿ. ಜಾಗದ ಲೆಕ್ಕ ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ.

ಇನ್‌ಸ್ಟಾಲ್ ನೌ ಒತ್ತಿದಾಗ ಡಿಸ್ಕಿನ ಮೇಲೆ ಏನೇನು ಬರೆಯುತ್ತೇನೆ ಎಂದು ಕೊನೆಯ ಪಟ್ಟಿ ತೋರಿಸುತ್ತದೆ. ಜಮೀನಿನ ಪತ್ರಕ್ಕೆ ಸಹಿ ಹಾಕುವ ಮೊದಲು ಚೆಕ್ಕುಬಂದಿ ಓದುವಂತೆ ಅದನ್ನು ಒಂದೊಂದೇ ಸಾಲಾಗಿ ಓದಿ. ಹಿಂದಕ್ಕೆ ಹೋಗಲು ಇದೇ ಕೊನೆಯ ಅವಕಾಶ.

ಮುಗಿದ ಮೇಲೆ

ಮುಂದಿನ ಸಲ ಚಾಲೂ ಮಾಡಿದಾಗ ಗ್ರಬ್ ಎಂಬ ಮೆನು ಬರುತ್ತದೆ. ಬಾಣದ ಕೀಲಿಯಿಂದ ಮಿಂಟ್ ಅಥವಾ ವಿಂಡೋಸ್ ಆರಿಸಿ. ಏನೂ ಒತ್ತದಿದ್ದರೆ ಕೆಲವು ಸೆಕೆಂಡಿನಲ್ಲಿ ಮಿಂಟ್ ತೆರೆಯುತ್ತದೆ. ಮೆನು ಬಾರದೆ ನೇರ ವಿಂಡೋಸ್ ತೆರೆದರೆ ಬಯೋಸ್‌ನ ಬೂಟ್ ಕ್ರಮದಲ್ಲಿ ಉಬುಂಟು ಎಂಬುದನ್ನು ಮೇಲಕ್ಕೆ ತನ್ನಿ. ಮಿಂಟ್ ಉಬುಂಟುವನ್ನು ಆಧರಿಸಿದ್ದರಿಂದ ಅಲ್ಲಿ ಆ ಹೆಸರು ಇರುತ್ತದೆ.

ಗಡಿಯಾರ ಐದೂವರೆ ಗಂಟೆ ಹಿಂದೆ ಮುಂದೆ ಆದರೆ ಯಂತ್ರ ಕೆಟ್ಟಿಲ್ಲ. ವಿಂಡೋಸ್ ಯಂತ್ರದ ಗಡಿಯಾರವನ್ನು ಭಾರತೀಯ ಕಾಲಮಾನ ಎಂದು ಓದುತ್ತದೆ, ಲಿನಕ್ಸ್ ಅದನ್ನು ವಿಶ್ವ ಕಾಲಮಾನ ಎಂದು ಓದುತ್ತದೆ. ಎರಡರ ಅಂತರವೇ ಆ ಐದೂವರೆ ಗಂಟೆ. ಲಿನಕ್ಸ್ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಎಂಬ ಆಜ್ಞೆಯನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಹೊಂದಿಕೊಳ್ಳುತ್ತದೆ.

ಲಿನಕ್ಸ್ ವಿಂಡೋಸಿನ ಡ್ರೈವ್‌ಗಳನ್ನು ಓದಿ ಬರೆಯಬಲ್ಲದು. ವಿಂಡೋಸಿಗೆ ಲಿನಕ್ಸ್‌ನ ಎಕ್ಸ್ಟ್4 ವಿಭಾಗ ತಾನಾಗಿ ಓದಲು ಬರುವುದಿಲ್ಲ. ಆದ್ದರಿಂದ ಎರಡೂ ಕಡೆ ಬೇಕಾಗುವ ಕಡತಗಳನ್ನು ಡಿ ಡ್ರೈವ್‌ನಲ್ಲಿಡಿ.

ಕನ್ನಡ ಮತ್ತು ನೆರೆಭಾಷೆ

ಗಡಿಯ ಊರುಗಳಲ್ಲಿ ಒಂದೇ ಭಾಷೆಯಲ್ಲಿ ಬರೆದರೆ ಕೆಲಸ ಮುಗಿಯುವುದಿಲ್ಲ. ಕಾಸರಗೋಡಿನಲ್ಲಿ ಮಲಯಾಳ, ತಾಳವಾಡಿಯಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ಆದೋನಿಯಲ್ಲಿ ತೆಲುಗು ಕನ್ನಡದ ಜೊತೆಗೇ ಬೇಕು. ಮಿಂಟ್‌ನ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಲೇಔಟ್ ಪಟ್ಟಿಗೆ ಈ ಭಾಷೆಗಳನ್ನು ಸೇರಿಸಿ, ಬದಲಿಸಲು ಒಂದು ಕೀಲಿ ಗೊತ್ತುಮಾಡಿಕೊಳ್ಳಬಹುದು. ಕನ್ನಡಕ್ಕೆ ಇನ್‌ಸ್ಕ್ರಿಪ್ಟ್ ಮತ್ತು ನುಡಿಯವರಿಗೆ ಪರಿಚಿತವಾದ ಕಗಪ ವಿನ್ಯಾಸ ಎರಡೂ ಇವೆ.

ಇನ್‌ಸ್ಕ್ರಿಪ್ಟ್ ಕಲಿತರೆ ಎರಡು ಭಾಷೆಯವರಿಗೆ ಲಾಭ ಹೆಚ್ಚು. ಭಾರತೀಯ ಭಾಷೆಗಳಿಗೆಲ್ಲ ಅದರಲ್ಲಿ ಅಕ್ಷರಗಳ ಜಾಗ ಒಂದೇ. ಇಂಗ್ಲಿಷಿನ ಕೆ ಕೀಲಿ ಒತ್ತಿದರೆ ಕ, ಎಚ್ ಒತ್ತಿದರೆ ಪ, ಸಿ ಒತ್ತಿದರೆ ಮ. ಕನ್ನಡದಲ್ಲೂ ಹಾಗೆ, ತೆಲುಗಿನಲ್ಲೂ ಹಾಗೆ, ಮರಾಠಿಯಲ್ಲೂ ಹಾಗೆ.

ಹಳೆಯ ನುಡಿ, ಬರಹ ಕಡತಗಳ ವಿಷಯ ಬೇರೆ. ಯುನಿಕೋಡ್‌ಗೆ ಮುಂಚಿನ ಪದ್ಧತಿಯಲ್ಲಿ ಬರೆದ ಕಡತ ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಕಡತ ಕೆಟ್ಟಿಲ್ಲ; ಆ ಫಾಂಟ್ ಇಲ್ಲ, ಅಷ್ಟೆ. ಅದೇ ಫಾಂಟನ್ನು ಲಿನಕ್ಸ್‌ಗೆ ನಕಲಿಸಿದರೆ ಓದಲು ಬರುತ್ತದೆ. ಆದರೆ ಶಾಶ್ವತ ಉಪಾಯವೆಂದರೆ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ನುಡಿ ಅಥವಾ ಬರಹದ ಪರಿವರ್ತಕದಿಂದ ಅವನ್ನು ಯುನಿಕೋಡ್‌ಗೆ ತಂದಿಟ್ಟುಕೊಳ್ಳುವುದು. ಹಳೆಯ ವಿಂಡೋಸನ್ನು ಉಳಿಸಿಕೊಳ್ಳುವುದರ ದೊಡ್ಡ ಪ್ರಯೋಜನ ಇದೇ.

ತೊಂದರೆ ಬಂದರೆ, ಬೇಡವೆನಿಸಿದರೆ

2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಒಂದರಿಂದ ಸೆಕ್ಯೂರ್ ಬೂಟ್ ಇದ್ದ ಕೆಲವು ಗಣಕಗಳಲ್ಲಿ ಲಿನಕ್ಸ್ ತೆರೆಯದೆ ಹೋಗಿತ್ತು. ಮೈಕ್ರೋಸಾಫ್ಟ್ 2025ರ ಮೇ ತಿಂಗಳಲ್ಲಿ ಅದನ್ನು ಸರಿಪಡಿಸಿತು. ಇಂಥ ಹೊತ್ತಿಗೆ ಮಿಂಟ್ ಪೆನ್ ಡ್ರೈವ್ ಅಳಿಸದೆ ಇಟ್ಟಿರಿ. ಅದರಿಂದ ಗಣಕ ತೆರೆದು ಕಡತಗಳನ್ನಾದರೂ ಹೊರತೆಗೆಯಬಹುದು.

ಲಿನಕ್ಸ್ ಬೇಡವೆನಿಸಿದರೆ ವಿಂಡೋಸಿನಿಂದ ಆ ವಿಭಾಗವನ್ನು ನೇರವಾಗಿ ಅಳಿಸಬೇಡಿ. ಲೆಗಸಿ ಯಂತ್ರದಲ್ಲಿ ಹಾಗೆ ಮಾಡಿದರೆ ಗ್ರಬ್ ತನ್ನ ಕಡತ ಸಿಗದೆ ನಿಂತುಬಿಡುತ್ತದೆ, ವಿಂಡೋಸೂ ತೆರೆಯುವುದಿಲ್ಲ. ಮೊದಲು ವಿಂಡೋಸ್ ರಿಕವರಿ ಡಿಸ್ಕಿನಿಂದ ಅದರ ಬೂಟ್ ಸರಿಮಾಡಿ, ವಿಂಡೋಸ್ ತಾನಾಗಿ ತೆರೆಯುವುದನ್ನು ನೋಡಿ, ಆಮೇಲೆ ವಿಭಾಗ ಅಳಿಸಿ. ವಿಂಡೋಸನ್ನು ಹೊಸದಾಗಿ ಹಾಕುವ ಯೋಚನೆ ಇದ್ದರೆ ಲಿನಕ್ಸ್‌ಗಿಂತ ಮೊದಲೇ ಹಾಕಿ. ಆಮೇಲೆ ಹಾಕಿದರೆ ಗ್ರಬ್ ಮೆನು ಮರೆಯಾಗುತ್ತದೆ.