ಉಲ್ಕಾವೃಷ್ಟಿ: ಶಿವಮೊಗ್ಗ–ಭದ್ರಾವತಿಯಲ್ಲಿ ಗೋಚರತೆ

ಧೂಮಕೇತು ಅಥವಾ ಕ್ಷುದ್ರಗ್ರಹವೊಂದು ತನ್ನ ಕಕ್ಷೆಯುದ್ದಕ್ಕೂ ಉದುರಿಸಿದ ಕಣಗಳ ಹಾದಿಯನ್ನು ಭೂಮಿ ವರ್ಷಕ್ಕೊಮ್ಮೆ ಹಾಯುವಾಗ ಉಲ್ಕಾವೃಷ್ಟಿ ಕಾಣುತ್ತದೆ. ಸಮಾಂತರವಾಗಿ ಬರುವ ಈ ಕಣಗಳು ನೆಲದಿಂದ ಸುಮಾರು ನೂರು ಕಿ.ಮೀ. ಮೇಲೆ ಉರಿಯುತ್ತ, ಆಗಸದ ಒಂದೇ ಬಿಂದುವಿನಿಂದ ಹೊಮ್ಮಿದಂತೆ ತೋರುತ್ತವೆ. ಇದನ್ನು ವಿಕಿರಣ ಬಿಂದು ಎನ್ನುತ್ತಾರೆ. ಶಿವಮೊಗ್ಗದ ವಿನೋಬನಗರದಿಂದ ಭದ್ರಾವತಿಯವರೆಗಿನ ಪ್ರದೇಶದಲ್ಲಿ ವರ್ಷದ ಪ್ರಮುಖ ವೃಷ್ಟಿಗಳೆಲ್ಲದರ ವಿಕಿರಣ ಬಿಂದುವೂ ದಿಗಂತದ ಮೇಲೇರುತ್ತದೆ. ಅವುಗಳಲ್ಲಿ ಯಾವುದು ನೋಡಸಿಗುತ್ತದೆ ಎಂಬುದು ಮುಂಗಾರು, ಚಂದ್ರ ಹಾಗೂ ಊರಿನ ಬೆಳಕನ್ನು ಅವಲಂಬಿಸಿದೆ.

ಅಕ್ಷಾಂಶದ ಪಾತ್ರ

ಶಿವಮೊಗ್ಗದ ಅಕ್ಷಾಂಶ ಸುಮಾರು 13.9° ಉತ್ತರ. ವಿಕಿರಣ ಬಿಂದು ನೆತ್ತಿಗೆ ಹತ್ತಿರವಾದಷ್ಟೂ ಉಲ್ಕೆಗಳ ಸಂಖ್ಯೆ ಹೆಚ್ಚು. ಇಲ್ಲಿ ಒರಿಯೋನಿಡ್ ಬಿಂದು ಹೆಚ್ಚುಕಡಿಮೆ ನೆತ್ತಿಗೇ ಬರುತ್ತದೆ. ಜೆಮಿನಿಡ್‌ನದು ಸುಮಾರು 71° ಏರುತ್ತದೆ. ಪರ್ಸೀಡ್ ಬಿಂದು ಬೆಳಗಿನ ಜಾವಕ್ಕೂ 45° ದಾಟುವುದಿಲ್ಲ. ಡಿಸೆಂಬರ್ 22ರ ಸುಮಾರಿನ ಅರ್ಸಿಡ್‌ನದು 28° ಮೀರದು. ಹಾಗಾಗಿ ಯುರೋಪಿನಲ್ಲಿ ಚೆನ್ನಾಗಿ ಕಾಣುವ ಈ ವೃಷ್ಟಿ ಇಲ್ಲಿ ಲೆಕ್ಕಕ್ಕೆ ಬರುವಂಥದ್ದಲ್ಲ.

ಪ್ರಮುಖ ವೃಷ್ಟಿಗಳು

ಜೆಮಿನಿಡ್ (ಡಿಸೆಂಬರ್ 13–14): ಇಲ್ಲಿಗೆ ಅತ್ಯುತ್ತಮ. ಮೂಲ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ. ವಿಕಿರಣ ಬಿಂದು ರಾತ್ರಿ ಎಂಟರ ಸುಮಾರಿಗೇ ಈಶಾನ್ಯದಲ್ಲಿ ಮೂಡಿ, ಎರಡೂವರೆಯ ವೇಳೆಗೆ ಗರಿಷ್ಠ ಎತ್ತರ ತಲುಪುತ್ತದೆ. ವೇಗ ಸೆಕೆಂಡಿಗೆ ಸುಮಾರು 35 ಕಿ.ಮೀ.; ಬೇರೆ ವೃಷ್ಟಿಗಳಿಗೆ ಹೋಲಿಸಿದರೆ ನಿಧಾನ.

ಪರ್ಸೀಡ್ (ಆಗಸ್ಟ್ 12–13): ಮೂಲ ಸ್ವಿಫ್ಟ್–ಟಟಲ್ ಧೂಮಕೇತು. ಉತ್ತರ ಗೋಲಾರ್ಧದಲ್ಲಿ ಅತ್ಯಂತ ಜನಪ್ರಿಯ. ಮಲೆನಾಡಿನಲ್ಲಿ ಅದು ಮುಂಗಾರಿನ ಕಾಲವಾದ್ದರಿಂದ ಹೆಚ್ಚಿನ ವರ್ಷ ಮೋಡದ ಮರೆಯಲ್ಲೇ ಕಳೆದುಹೋಗುತ್ತದೆ.

ಒರಿಯೋನಿಡ್ (ಅಕ್ಟೋಬರ್ 21–22) ಮತ್ತು ಈಟಾ ಅಕ್ವೇರಿಡ್ (ಮೇ 5–6): ಎರಡಕ್ಕೂ ಹ್ಯಾಲಿ ಧೂಮಕೇತುವೇ ಮೂಲ. ಈಟಾ ಅಕ್ವೇರಿಡ್ ದಕ್ಷಿಣದವರಿಗೆ ಒಲಿಯುವ ವೃಷ್ಟಿ; ದೆಹಲಿಗಿಂತ ಶಿವಮೊಗ್ಗದಲ್ಲಿ ನೋಡಲು ಅನುಕೂಲ ಹೆಚ್ಚು. ಬಿಂದು ಮೂಡುವುದು ರಾತ್ರಿ ಎರಡರ ಸುಮಾರಿಗೆ.

ಲಿಯೋನಿಡ್ (ನವೆಂಬರ್ 17–18): ಮಧ್ಯರಾತ್ರಿಯ ಬಳಿಕ ಕಾಣುತ್ತದೆ. ಸಾಮಾನ್ಯವಾಗಿ ವಿರಳ. ಮೂಲವಾದ ಟೆಂಪಲ್–ಟಟಲ್ ಧೂಮಕೇತು ಸುಮಾರು 33 ವರ್ಷಕ್ಕೊಮ್ಮೆ ಸೂರ್ಯನ ಬಳಿ ಬರುವ ಆಸುಪಾಸಿನ ಕೆಲವು ವರ್ಷಗಳಲ್ಲಿ ಮಾತ್ರ ಇದು ಬಿರುಸಾಗಬಹುದು. 1833ರಲ್ಲಿ ಉತ್ತರ ಅಮೆರಿಕದಲ್ಲಿ ಕಂಡದ್ದು ಅಂಥ ಬಿರುಸಿನ ಪ್ರಸಿದ್ಧ ಉದಾಹರಣೆ. ಧೂಮಕೇತು ಮತ್ತೆ ಬರುವುದು 2031ರಲ್ಲಿ.

ಉತ್ತುಂಗದ ಗಳಿಗೆ

ಉತ್ತುಂಗದ ವೇಳೆಯನ್ನು ಸಾಮಾನ್ಯವಾಗಿ ಸಾರ್ವತ್ರಿಕ ಕಾಲಮಾನದಲ್ಲಿ ಪ್ರಕಟಿಸುತ್ತಾರೆ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ಭಾರತೀಯ ಕಾಲಮಾನ ಸಿಗುತ್ತದೆ. ಜನವರಿ 3–4ರ ಕ್ವಾಡ್ರಾಂಟಿಡ್‌ನ ಬಿರುಸು ಕೆಲವೇ ಗಂಟೆ ಇರುವುದರಿಂದ, ಅದು ನಮ್ಮ ಹಗಲಿಗೆ ಬಿದ್ದರೆ ಆ ವರ್ಷ ನೋಡಲು ಹೆಚ್ಚೇನೂ ಉಳಿಯದು. ಜೆಮಿನಿಡ್‌ನ ಉತ್ತುಂಗ ಅಷ್ಟು ಕಿರಿದಲ್ಲ. ಕೆಲವು ಗಂಟೆ ಆಚೀಚೆಯಾದರೂ ನಷ್ಟ ಕಡಿಮೆ.

ಹವಾಮಾನ ಮತ್ತು ಬೆಳಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವೀಕ್ಷಣೆ ಕಷ್ಟ. ಡಿಸೆಂಬರ್‌ನಲ್ಲಿ ಆಗಸ ಬಹುಮಟ್ಟಿಗೆ ತಿಳಿಯಾಗಿದ್ದರೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮೋಡ ಕವಿಯುವುದುಂಟು. ತುಂಗಾ, ಭದ್ರಾ ನದಿಗಳ ದಡದಲ್ಲಿ ನಸುಕಿಗೆ ಮಂಜೂ ಇಳಿಯುತ್ತದೆ. ಹುಣ್ಣಿಮೆಯ ಆಸುಪಾಸಿನಲ್ಲಿ ಮಂದ ಉಲ್ಕೆಗಳು ಕಾಣುವುದಿಲ್ಲ.

ಜೆಮಿನಿಡ್‌ಗೆ ಹೇಳುವ ಗಂಟೆಗೆ 150ರ ಪ್ರಮಾಣ, ಬಿಂದು ನೆತ್ತಿಯಲ್ಲಿದ್ದು 6.5 ಕಾಂತಿಮಾನದ ನಕ್ಷತ್ರಗಳೂ ಕಾಣುವ ಆದರ್ಶ ಕತ್ತಲಿಗೆ ಸಂಬಂಧಿಸಿದ್ದು. ಬೀದಿದೀಪಗಳಿರುವ ಬಡಾವಣೆಯಲ್ಲಿ 4.5ರವರೆಗಿನ ನಕ್ಷತ್ರಗಳಷ್ಟೇ ಕಂಡರೆ, ಅದರ ಏಳರಲ್ಲೊಂದು ಪಾಲು, ಅಂದರೆ ಗಂಟೆಗೆ ಇಪ್ಪತ್ತರಷ್ಟು ಉಲ್ಕೆ ಸಿಗಬಹುದು.

ವೀಕ್ಷಣೆ

ದೂರದರ್ಶಕ ಬೇಡ, ಅದು ನೋಟದ ಹರವನ್ನು ಕುಗ್ಗಿಸುತ್ತದೆ. ದೀಪ ನೇರವಾಗಿ ಕಣ್ಣಿಗೆ ಬೀಳದ ತಾರಸಿ ಅಥವಾ ಊರಾಚೆಯ ಬಯಲು ಸಾಕು. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು–ಮೂವತ್ತು ನಿಮಿಷ ಬೇಕು. ಅಷ್ಟರಲ್ಲಿ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕಾಗುತ್ತದೆ. ವಿಕಿರಣ ಬಿಂದುವನ್ನೇ ದಿಟ್ಟಿಸುವ ಬದಲು ಅದರಿಂದ ಸ್ವಲ್ಪ ದೂರದ ಆಗಸ ನೋಡುವುದು ಒಳ್ಳೆಯದು. ಉಲ್ಕೆಗಳ ಗೆರೆ ಅಲ್ಲಿ ಉದ್ದವಾಗಿ ಕಾಣುತ್ತದೆ.